ಅವ್ವನ ಟ್ರಂಕಿನಲ್ಲಿ 14 ಸೀರೆ, 2 ನೋಟ್‌ಬುಕ್ಕು, ಒಂದು ಗಂಟು ಕತೆ: ಮೂವರು ಹೇಗೆ ಹಂಚಿಕೊಳ್ಳೋದು?

ಪ್ರಶ್ನೆ: ನವಲಗುಂದದ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಪುರುಸೊತ್ತಾದಾಗ ಓದಿ.

ನಮ್ಮದು ನವಲಗುಂದ ಹತ್ತಿರದ ಹಳ್ಳಿ. ನಾನು ಮದುವೆಯಾಗಿ ಮೈಸೂರಿಗೆ ಬಂದು 22 ವರ್ಷ. ಅಣ್ಣ ಹುಬ್ಬಳ್ಳಿಯಲ್ಲಿದ್ದಾನೆ, ತಂಗಿ ಬೆಳಗಾವಿಯಲ್ಲಿ. ಅವ್ವ ತೀರಿಕೊಂಡು ಎಂಟು ತಿಂಗಳಾಯಿತು. ಹೋದ ವಾರ ಮೂವರೂ ಊರಿಗೆ ಹೋಗಿ ಅವಳ ಟ್ರಂಕು ತೆಗೆದೆವು. ಬಂಗಾರ ಗಿಂಗಾರ ಎಲ್ಲ ಅವಳೇ ಇದ್ದಾಗ ಹಂಚಿಬಿಟ್ಟಿದ್ದಳು, ಆ ತಕರಾರು ಇಲ್ಲ. ಟ್ರಂಕಿನಲ್ಲಿ ಸಿಕ್ಕಿದ್ದು 14 ನೂಲಿನ ಸೀರೆ, ಅದರಲ್ಲಿ ಆರು ಇಳಕಲ್. ಗೆರೆ ಹಾಕಿದ ಎರಡು ನೋಟ್‌ಬುಕ್ಕು. ಮತ್ತೆ ಹರಿದ ಸೆರಗಿನಲ್ಲಿ ಕಟ್ಟಿಟ್ಟ ಒಂದು ಗಂಟು ಕಾಗದ.

ಆ ಗಂಟಿನ ವಿಷಯ ಹೇಳಲೇಬೇಕು. ನಾವು ಸಣ್ಣವರಿದ್ದಾಗ ನಮ್ಮ ಓಣಿಗೆ ವಾರಪತ್ರಿಕೆ ಬರುತ್ತಿದ್ದದ್ದು ಒಂದೇ ಒಂದು, ಅದೂ ಮಾಸ್ತರ ಮನೆಗೆ. ಅವರ ಮನೆಯಲ್ಲಿ ಎಲ್ಲರದ್ದೂ ಓದಿ ಆದ ಮೇಲೆ ಅವ್ವನ ಕೈಗೆ ಬರುತ್ತಿತ್ತು. ಅವ್ವ ಧಾರಾವಾಹಿಯ ಪುಟಗಳನ್ನಷ್ಟೇ ಹುಷಾರಾಗಿ ಬಿಡಿಸಿ ಇಟ್ಟುಕೊಳ್ಳುತ್ತಿದ್ದಳು, ಕತೆ ಮುಗಿದ ಮೇಲೆ ಎಲ್ಲ ಕಂತು ಜೋಡಿಸಿ ದಬ್ಬಣದಿಂದ ಹೊಲಿದು ಹಳೆ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡುತ್ತಿದ್ದಳು. ಮಧ್ಯಾಹ್ನ ಊಟ ಆದ ಮೇಲೆ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂಡುತ್ತಿದ್ದರು. ಅವ್ವ ಗಟ್ಟಿಯಾಗಿ ಓದಬೇಕು, ಅವಳ ಪಾಲಿನ ಶೇಂಗಾ ಉಳಿದವರು ಸುಲಿಯಬೇಕು, ಅದು ಅವರವರ ಕರಾರು. ಪುಟದ ಅಂಚಿನಲ್ಲಿ ಈಗಲೂ ಎಣ್ಣೆ ಬೆರಳಿನ ಗುರುತುಗಳಿವೆ.

ಒಂದು ಕತೆಯಲ್ಲಿ 11ನೇ ಕಂತು ಇಲ್ಲ. ಆ ವಾರದ ಪುಟ ಯಾರೋ ಓದಲು ಒಯ್ದು ಕಳೆದಿದ್ದರು. ಅವ್ವ ತಾನು ಒಮ್ಮೆ ಓದಿದ್ದನ್ನು ನೆನಪು ಮಾಡಿಕೊಂಡು ನೋಟ್‌ಬುಕ್ಕಿನ ಎರಡು ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು, ಅದೇ ಜಾಗದಲ್ಲಿ ಸೇರಿಸಿ ಹೊಲಿದಿದ್ದಾಳೆ. ಮೇಲೆ ಸಣ್ಣ ಅಕ್ಷರದಲ್ಲಿ, "ಇದು ನಾ ಬರದದ್ದು. ತಪ್ಪಿದ್ರ ತಿದ್ದಿ ಓದ್ರಿ." ನಮಗೆ ಮೂವರಿಗೂ ಈ ಹಾಳೆಯ ವಿಷಯ ಗೊತ್ತೇ ಇರಲಿಲ್ಲ. ಟ್ರಂಕಿನ ಮುಂದೆ ಕೂತು ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದರ ತುಂಬ ಅಡುಗೆ ಮತ್ತು ಹಾಡು. ಇನ್ನೊಂದರಲ್ಲಿ ಚುಕ್ಕೆ ರಂಗೋಲಿ, ಬಸ್ ಟಿಕೆಟ್ಟು, ಲಗ್ನಪತ್ರಿಕೆಯಿಂದ ಕತ್ತರಿಸಿದ ಗಣಪತಿ, ಗುಳೇದಗುಡ್ಡ ಖಣದ ಬೆರಳಗಲದ ತುಂಡುಗಳು, ಎಲ್ಲ ಅನ್ನದ ಅಗುಳಿನಿಂದ ಅಂಟಿಸಿದ್ದು. ಪ್ರತಿ ತುಂಡಿನ ಕೆಳಗೆ ಒಂದು ಮಾತು. "ಸಣ್ಣಾಕಿ ಕುಂಚಿಗಿ ಅರಿವಿ" ಅಂತ ಒಂದು ಕಡೆ ಇದೆ, ಅಂದರೆ ಕೂಸಿನ ಟೊಪ್ಪಿಗೆಯ ಬಟ್ಟೆ, ಅದು ನಮ್ಮ ತಂಗಿಯದು. ನನ್ನ ಮಗಳು ನೋಡಿ, ಅಮ್ಮಾ ಇದು ಸ್ಕ್ರ್ಯಾಪ್‌ಬುಕ್ಕು ಅಲ್ವಾ ಅಂದಳು. ಹೌದು, ಅದೇ. ಅವ್ವನಿಗೆ ಆ ಹೆಸರು ಗೊತ್ತಿರಲಿಲ್ಲ ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಸೀರೆಗಳಿಂದ ಕೌದಿ (ಹಳೆ ಬಟ್ಟೆ ಪದರ ಪದರವಾಗಿ ಸೇರಿಸಿ ಹೊಲಿದ ಹೊದಿಕೆ) ಹೊಲಿಸಬೇಕು ಅಥವಾ ನಾವೇ ಹೊಲಿಯಬೇಕು ಅಂತ ಆಸೆ, ಮೂವರಿಗೂ ಒಂದೊಂದು. ಅಣ್ಣ ಬೇಡ ಅನ್ನುತ್ತಾನೆ. ಅವ್ವನ ಸೀರೆಗೆ ಕತ್ತರಿ ಹಾಕೋದು ಅಂದರೆ ಅವನ ಮುಖ ಸಣ್ಣಗಾಗುತ್ತದೆ. ಟ್ರಂಕು ಹಾಗೇ ಇರಲಿ, ವರ್ಷಕ್ಕೊಮ್ಮೆ ತೆಗೆದು ನೋಡೋಣ ಅನ್ನುತ್ತಾನೆ. ತಂಗಿ ಮಾತ್ರ ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರೋಣ, ನೋಟ್‌ಬುಕ್ಕಿನಿಂದ ಒಂದು ಅಡುಗೆ ಮಾಡಿ, ಒಂದು ಕಂತು ಓದಿ, ಕೂತು ಹೊಲಿಯೋಣ ಅಂದಳು. ನನಗೆ ಅದು ಬಹಳ ಹಿಡಿಸಿತು. ನಾಗರ ಪಂಚಮಿಗೆ ಇನ್ನು ಆರು ವಾರ ಇದೆ, ಮೊದಲ ಸಲ ಮನೆ ಮನೆಗೆ ರೊಟ್ಟಿ ಹಂಚುವ ರೊಟ್ಟಿ ಪಂಚಮಿಗೇ ಸೇರಬಹುದು.

ಕೌದಿ ಹೊಲಿದು ಗೊತ್ತಿರುವವರು ಹೇಳಿ, ಕತ್ತರಿಸದೆ ಏನಾದರೂ ದಾರಿ ಇದೆಯಾ? ಹಳೆ ಕಾಗದ ಮುಟ್ಟಿದರೆ ಪುಡಿಯಾಗುವ ಹಾಗಿದೆ, ಅದನ್ನು ಹೇಗೆ ಕಾಪಾಡೋದು? ಇನ್ನೊಂದು, ಅವ್ವನ ಮಾದಲಿ ಅನ್ನೋ ಸಿಹಿಯ ಅಳತೆ "ಗೋದಿ 1 ಸೇರು, ಕಡ್ಲಿಬ್ಯಾಳಿ 1 ಪಾವು, ಬೆಲ್ಲ ನಾಲಿಗಿ ಹೇಳಿದಷ್ಟು" ಅಂತ ಇದೆ. ಇದನ್ನು ಹೇಗೆ ತಿಳಿದುಕೊಳ್ಳಲಿ?

ಉತ್ತರ: ದಬ್ಬಣ ದಾರ, ಬಾಗಲಕೋಟೆ

ತಂಗೀ, ಓದಿ ಕಣ್ಣು ತುಂಬಿತು. ನಾನು ನಮ್ಮತ್ತೆಯಿಂದ ಕೌದಿ ಕಲಿತವಳು, ಇಲ್ಲಿಯ ತನಕ ಮೂವತ್ತರ ಹತ್ತಿರ ಹೊಲಿದಿದ್ದೇನೆ. ಕತ್ತರಿಸದೆ ದಾರಿ ಇದೆ. ನಿಮ್ಮ ಅಣ್ಣನಿಗೆ ಮೊದಲು ಇದನ್ನು ಹೇಳಿ.

ಐದೂವರೆ ಮೀಟರಿನ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಹೆಚ್ಚುಕಮ್ಮಿ ಆರು ಅಡಿ ಉದ್ದ, ಮೂರೂ ಮುಕ್ಕಾಲು ಅಡಿಯಷ್ಟು ಅಗಲ ಬರುತ್ತದೆ. ಒಬ್ಬರು ಹೊದ್ದುಕೊಳ್ಳಲು ಅಷ್ಟು ಸಾಕು. ಒಂದೇ ಸೀರೆ ಮೂರು ಪದರ ಆಯಿತು, ಕತ್ತರಿ ಮುಟ್ಟಲೇ ಇಲ್ಲ. ಅವ್ವನದು ಎಂಟು ಗಜದ ಇಳಕಲ್ ಆಗಿದ್ದರೆ ನಾಲ್ಕು ಮಡಿಕೆಗೆ ಅದೇ ಆರು ಅಡಿ ಬರುತ್ತದೆ. ಅಣ್ಣನಿಗೆ ಯಾವ ಸೀರೆ ಮೇಲೆ ಜೀವವೋ ಅದನ್ನು ಹೀಗೆ ಇಡಿಯಾಗಿ ಒಳಗೆ ಇಡಿ. ಮೇಲಿನ ತೇಪೆಗೆ ಮಾತ್ರ ಹರಿದಿರುವ ಎರಡು ಮೂರು ಸೀರೆಯ ಗಟ್ಟಿ ಭಾಗ ತೆಗೆದುಕೊಳ್ಳಿ. ಕೈಯಿಂದ ಹಾಕಿದ ಹೊಲಿಗೆ ಬೇಕೆಂದಾಗ ಬಿಚ್ಚಬಹುದು. ನಮ್ಮತ್ತೆ ಹಳೆ ಕೌದಿ ಬಿಚ್ಚಿ ಅದರ ಒಳಪದರ ತೆಗೆದು ಹೊಸದಕ್ಕೆ ಹಾಕುತ್ತಿದ್ದರು. ನಮ್ಮ ಮನೆಯ ಒಂದು ಕೌದಿಯ ಹೊಟ್ಟೆಯಲ್ಲಿ ಅವರ ತಾಯಿಯ ಸೀರೆ ಇದೆ.

ಮೊದಲು ಎಲ್ಲ ಸೀರೆ ಬೇರೆ ಬೇರೆಯಾಗಿ ಬರೀ ನೀರಿನಲ್ಲಿ ನೆನೆಸಿ ಗಂಜಿ ಹೋಗುವ ಹಾಗೆ ಒಗೆದು ಬಿಸಿಲಿಗೆ ಹಾಕಿ. ಬಿಳಿ ಅರಿವೆ ಒದ್ದೆ ಮಾಡಿ ಪ್ರತಿ ಸೀರೆಯ ಮೇಲೆ ಒತ್ತಿ ನೋಡಿ, ಬಣ್ಣ ಹತ್ತಿದರೆ ಅದನ್ನು ಬೇರೆ ಇಡಿ, ಇಲ್ಲದಿದ್ದರೆ ಕೌದಿಯ ಮೊದಲನೇ ಒಗೆತದಲ್ಲೇ ಎಲ್ಲ ಕೆಂಪಾಗುತ್ತದೆ. ಫಾಲ್ ಬಿಚ್ಚಿ. ಆಮೇಲೆ ಒಂದೊಂದೇ ಸೀರೆ ಬೆಳಕಿಗೆ ಹಿಡಿದು ನೋಡಿ. ಎಲ್ಲಿ ಆಚೆ ಕಡೆಯ ಕಿಟಕಿ ಕಾಣುತ್ತದೋ ಅಲ್ಲಿ ಅರಿವೆ ಸವೆದಿದೆ ಅಂತ ಅರ್ಥ. ಸವೆದದ್ದು ಒಳಗೆ, ಗಟ್ಟಿ ಇದ್ದದ್ದು ಮೇಲೆ ಮತ್ತು ಕೆಳಗೆ. ಇಷ್ಟು ನೆನಪಿದ್ದರೆ ಕೌದಿಗೆ ಹತ್ತು ವರ್ಷ ಏನೂ ಆಗುವುದಿಲ್ಲ.

ಇಳಕಲ್‌ನ ಸೆರಗು ರೇಷ್ಮೆ ಇರುತ್ತದೆ, ಒಡಲು ನೂಲು. ಎರಡೂ ಒಂದೇ ರೀತಿ ಕುಗ್ಗುವುದಿಲ್ಲ. ಅದಕ್ಕೇ ಸೆರಗು ನಡುವೆ ತುಂಬಬೇಡಿ, ಇಡಿಯಾಗಿ ಇಡುವ ಸೀರೆಯದು ಹೊರ ಮಡಿಕೆಗೆ ಬರಲಿ. ಕತ್ತರಿಸಿದ ಸೀರೆಯದು ಬೇಕಾದರೆ ಆಮೇಲೆ ಮೇಲಿನಿಂದ ಬೇರೆಯಾಗಿ ಹಚ್ಚಿ.

ಹಾಸುವಾಗ ನಾಲ್ಕು ಜನ ಇರಲಿ. ನೆಲ ಒರೆಸಿ, ಕೆಳಗಿನ ಪದರ ಹಾಸಿ, ನಾಲ್ಕು ಮೂಲೆಗೆ ಒಬ್ಬೊಬ್ಬರು ಕೂತು ಎಳೆದು ಹಿಡಿಯಬೇಕು. ಒಂದೊಂದೇ ಪದರ ಹಾಕುತ್ತ ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ. ಸುಕ್ಕು ಒಳಗೆ ಉಳಿದರೆ ಮಲಗಿದಾಗ ಬೆನ್ನಿಗೆ ಗೊತ್ತಾಗುತ್ತದೆ. ಆಮೇಲೆ ಗೇಣಿಗೊಂದರಂತೆ ಕಚ್ಚಾ ಹೊಲಿಗೆ. ಅದು ಆದ ಮೇಲೆಯೇ ಮಡಿಲಲ್ಲಿ ಇಟ್ಟುಕೊಂಡು ಹೊಲಿಯೋದು. ಬೆರಳಗಲಕ್ಕೆ ಒಂದು ಗೆರೆ, ದಪ್ಪ ಹತ್ತಿ ದಾರ. ನನಗೆ ಒಬ್ಬಳಿಗೆ ಒಂದು ಕೌದಿಗೆ ಇಪ್ಪತ್ತು ಮಧ್ಯಾಹ್ನ ಬೇಕು. ನೀವು ತಿಂಗಳಿಗೊಮ್ಮೆ ಸೇರಿದರೆ ಒಂದಕ್ಕೆ ವರ್ಷವೇ ಆಗಲಿ, ಏನಂತೆ. ಮೂರನ್ನೂ ಒಟ್ಟಿಗೆ ಶುರು ಮಾಡಬೇಡಿ, ಒಂದು ಮುಗಿಸಿ ಇನ್ನೊಂದು.

ಮಾದಲಿಗೆ ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ನಾಲ್ಕು ಬಟ್ಟಲು ಗೋದಿ, ಒಂದು ಬಟ್ಟಲು ಕಡಲೆಬೇಳೆ, ಎರಡೂ ಬೇರೆ ಬೇರೆ ಸ್ವಲ್ಪ ಹುರಿದು ತರಿ ತರಿಯಾಗಿ ಬೀಸಬೇಕು. ಗಟ್ಟಿ ಕಲಸಿ ದಪ್ಪ ಚಪಾತಿ ಲಟ್ಟಿಸಿ ಎಣ್ಣೆ ಇಲ್ಲದೆ ಬೇಯಿಸಿ, ಬಿಸಿ ಇರುವಾಗಲೇ ಮುರಿದು ಕುಟ್ಟಿ ಸಾಣಿಗೆ ಹಿಡಿದು, ಮೂರು ಬಟ್ಟಲು ಪುಡಿ ಬೆಲ್ಲ, ಒಣಕೊಬ್ಬರಿ, ಪುಟಾಣಿ, ಗಸಗಸೆ, ಏಲಕ್ಕಿ, ಜಾಜಿಕಾಯಿ. ತಿನ್ನುವಾಗ ಬಿಸಿ ಹಾಲು ತುಪ್ಪ. ನಾಲ್ಕು ಪಾವಿಗೆ ಒಂದು ಸೇರು ಅಲ್ವಾ, ನಿಮ್ಮ ಅವ್ವನದೂ ಇದೇ ಲೆಕ್ಕ, ನಾಲ್ಕಕ್ಕೆ ಒಂದು. ಬೆಲ್ಲ ಮಾತ್ರ ಒಂದೇ ಸಲ ಹಾಕಬೇಡಿ, ಸ್ವಲ್ಪ ಸ್ವಲ್ಪ ಬೆರೆಸಿ ಬಾಯಿಗೆ ಹಾಕಿಕೊಂಡು ನೋಡಿ. ಅವ್ವ ಬರೆದದ್ದು ಸರಿಯಾಗಿಯೇ ಇದೆ.

ಉತ್ತರ: ಮೂರನೇ ಮಹಡಿ, ಬೆಂಗಳೂರು

ಒಂದು ಎಚ್ಚರಿಕೆ ಹೇಳಲು ಬಂದೆ. ದಯವಿಟ್ಟು ಅಂಗಡಿಗೆ ಕೊಡಬೇಡಿ. ನಮ್ಮ ಅಮ್ಮನ ಒಂಬತ್ತು ಸೀರೆಯನ್ನು ನಾನು ಇಲ್ಲಿ ಒಂದು ಕಡೆ ಕೊಟ್ಟೆ, ಚೆನ್ನಾಗಿ ಮಾಡುತ್ತೇವೆ ಅಂದರು. ಒಂದೂವರೆ ತಿಂಗಳ ಮೇಲೆ ಬಂದದ್ದು ಮಿಷನ್ ಹೊಲಿಗೆಯ ರಜಾಯಿ, ಒಳಗೆ ಪಾಲಿಯೆಸ್ಟರ್ ಹತ್ತಿಯ ಹಾಳೆ. ಮೇಲೆ ಅಂಗೈಯಗಲದ ಚೌಕ ಚೌಕ ತುಂಡು, ಎಲ್ಲ ಒಂದೇ ಅಳತೆ. ಉಳಿದ ಸೀರೆ ಎಲ್ಲಿ ಅಂದರೆ ತುಂಡು ತುಂಡಾಗಿತ್ತು, ಬಿಸಾಕಿದೆವು ಅಂದರು. ಅಮ್ಮನ ಹಸಿರು ಚೌಕುಳಿ ಸೀರೆಯ ಅಂಚು ಒಂದು ಕಡೆಯೂ ಇಲ್ಲ. ಹೊದ್ದರೆ ಬೆವರು ಬೇರೆ.

ನಿಮ್ಮ ಅಣ್ಣನ ಹೆದರಿಕೆ ನನಗೆ ಅರ್ಥವಾಗುತ್ತದೆ. ಬೇರೆ ಯಾರಿಂದಲಾದರೂ ಹೊಲಿಸುವುದೇ ಆದರೆ ಮನೆಗೆ ಕರೆಸಿ, ಕಣ್ಣೆದುರಿಗೇ ಹೊಲಿಯಲಿ. ನಿಮ್ಮ ಕಡೆ ಹಿಂದೆ ಕೌದಿ ಹೊಲಿಯುವವರು ಮನೆ ಬಾಗಿಲಿಗೇ ಬಂದು ಕಟ್ಟೆಯ ಮೇಲೆ ಕೂತು ಹೊಲಿದು ಕೊಡುತ್ತಿದ್ದರು ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಈಗಲೂ ಸಿಕ್ಕರೆ ಅವರೇ ಸರಿ. ಕೂಲಿಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ, ಅಷ್ಟು ದಿನದ ಕೆಲಸ ಅದು.

ಉತ್ತರ: ಹಳೆ ಪುಟ, ಶಿವಮೊಗ್ಗ

ಗ್ರಂಥಾಲಯದಲ್ಲಿ ಬೈಂಡಿಂಗ್ ವಿಭಾಗದಲ್ಲಿ 26 ವರ್ಷ ಕೆಲಸ ಮಾಡಿ ನಿವೃತ್ತನಾದವನು. ನನ್ನ ಮಾತು ಕಾಗದದ ಬಗ್ಗೆ ಮಾತ್ರ.

ಅಮ್ಮ, ಮೊದಲನೆಯದು, ಆ ಹೊಲಿಗೆ ಬಿಚ್ಚಬೇಡಿ. ಅವರು ಜೋಡಿಸಿದ ಕ್ರಮ, ಕ್ಯಾಲೆಂಡರಿನ ರಟ್ಟು, ದಬ್ಬಣದ ತೂತು ಎಲ್ಲವೂ ಹಾಗೇ ಇರಲಿ. ಆ ಪೆನ್ಸಿಲ್ ಹಾಳೆಯನ್ನು ಬೇರೆ ತೆಗೆದು ಫ್ರೇಮು ಹಾಕಿಸೋಣ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಬೇಡ. 10ನೇ ಕಂತಿಗೂ 12ನೇ ಕಂತಿಗೂ ನಡುವೆ ಇದ್ದರೇನೇ ಅದಕ್ಕೆ ಬೆಲೆ. ಸಮಾಧಾನದ ಮಾತು ಏನೆಂದರೆ ಪೆನ್ಸಿಲ್ ಬರಹ ಬೇಗ ಮಾಸುವುದಿಲ್ಲ, ಉಜ್ಜದಿದ್ದರೆ ಸಾಕು. ಆ ಅಗ್ಗದ ಪತ್ರಿಕೆ ಕಾಗದವೇ ಮೊದಲು ಹಾಳಾಗೋದು. ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಲಿಗ್ನಿನ್ ಅನ್ನೋ ಮರದ ಅಂಶ ಉಳಿದಿರುತ್ತದೆ, ಬೆಳಕು ಗಾಳಿ ತಾಗಿ ಅದು ಹಳದಿಯಾಗುತ್ತದೆ, ಒಳಗೆ ಆಮ್ಲ ಹೆಚ್ಚಾಗಿ ಕಾಗದ ಬಿರುಸಾಗಿ ಮುರಿಯುತ್ತದೆ. ಅದನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ನಿಧಾನ ಮಾಡಬಹುದು.

ಹಾಗಾಗಿ ಮೊದಲು ಫೋಟೋ ತೆಗೆದುಬಿಡಿ. ಬೆಳಗಿನ ಹೊತ್ತು ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ, ಫ್ಲಾಶ್ ಹಾಕದೆ. ಪುಸ್ತಕವನ್ನು ಪೂರ್ತಿ ಅಗಲಿಸಬೇಡಿ, ಎರಡೂ ಕಡೆ ದಿಂಬು ಕೊಟ್ಟು ಅರ್ಧ ತೆರೆದಿಟ್ಟು ಒಂದೊಂದೇ ಪುಟದ ಫೋಟೋ ತೆಗೆಯಿರಿ. ಭಾನುವಾರ ಓದಲು ಆ ಫೋಟೋಗಳ ಪ್ರಿಂಟು ಬಳಸಿ. ಮೂಲ ಪ್ರತಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ, ನೋಡುವ ಆಸೆ ಇದ್ದೇ ಇರುತ್ತದೆ.

ಲ್ಯಾಮಿನೇಶನ್ ಮಾಡಿಸಬೇಡಿ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ. ಒಮ್ಮೆ ಬಿಸಿ ಪ್ಲಾಸ್ಟಿಕ್ ಅಂಟಿದರೆ ಕಾಗದ ವಾಪಸ್ ಬರುವುದಿಲ್ಲ. ಪಾರದರ್ಶಕ ಟೇಪು ಕೂಡ ಬೇಡ, ಐದಾರು ವರ್ಷಕ್ಕೆ ಟೇಪು ಉದುರಿ ಅಂಟು ಮಾತ್ರ ಕಂದು ಕಲೆಯಾಗಿ ಉಳಿಯುತ್ತದೆ. ಅಂಟಿಸಲೇಬೇಕಾದಲ್ಲಿ ತೆಳು ಮೈದಾ ಅಂಟು, ಅದೂ ಅಂಚಿಗೆ ಮಾತ್ರ. ನಾವು ಬೈಂಡಿಂಗಿನಲ್ಲಿ ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದೆವು, ಹುಳ ಬರದಿರಲಿ ಅಂತ. ಮಕ್ಕಳು ಕೈ ಹಾಕುವ ಮನೆಯಲ್ಲಿ ಅದು ಬೇಡ, ವಿಷ. ಅಂಟು ಅವತ್ತವತ್ತು ಕುದಿಸಿಕೊಂಡರೆ ಆಯಿತು. ಅನ್ನದ ಅಗುಳಿನ ಜಾಗ ಹುಳಕ್ಕೆ ಪ್ರೀತಿ, ಆ ನೋಟ್‌ಬುಕ್ಕನ್ನು ತಿಂಗಳಿಗೊಮ್ಮೆ ಬಿಡಿಸಿ ನೋಡಿ. ತಿಂಗಳಿಗೊಮ್ಮೆ ಸೇರುತ್ತೀರಲ್ಲ, ಅದೇ ದಿನ ಆಗಬಹುದು. ಟ್ರಂಕಿನ ತಳದಲ್ಲಿ ಬಜೆಯ ಒಣ ಬೇರು ಬಟ್ಟೆಯಲ್ಲಿ ಕಟ್ಟಿಡಿ, ತಾಳೆಗರಿ ಕಟ್ಟುಗಳಿಗೆ ಹಿಂದಿನವರು ಅದನ್ನೇ ಇಡುತ್ತಿದ್ದರು. ಟ್ರಂಕಿನಲ್ಲಿ ನುಸಿಗುಳಿಗೆ ಇಟ್ಟಿದ್ದರೆ ಆ ಬಟ್ಟೆಯನ್ನು ಒಗೆಯದೆ ಕೂಸಿಗೆ ಮಾತ್ರ ಹೊದಿಸಬೇಡಿ.

ಇನ್ನೊಂದು ಮಾತು, ಇದು ನನಗೆ ಬಹಳ ಇಷ್ಟದ ಕೆಲಸ. ಆ ಕಂತುಗಳ ಮೇಲೆ ತಾರೀಖು ಇಲ್ಲದಿದ್ದರೆ ಪುಟದ ಹಿಂದೆ ಅರ್ಧಂಬರ್ಧ ಇರುವ ಜಾಹೀರಾತು ಓದಿ. ಬೆಲೆ ಆಣೆಯಲ್ಲಿದ್ದರೆ 1957ರ ಆಸುಪಾಸು ಅಥವಾ ಅದಕ್ಕೂ ಹಿಂದಿನದು, ಆ ವರ್ಷ ಏಪ್ರಿಲ್‌ನಿಂದ ನಯಾ ಪೈಸೆ ಬಂತು. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ರಾಜ್ಯದ ಹೆಸರು ಮೈಸೂರು ಅಂತ ಇದ್ದರೆ 1973ರ ನವೆಂಬರ್‌ಗೆ ಮುಂಚಿನದು ಇರಬಹುದು, ಕರ್ನಾಟಕ ಅಂತ ಹೆಸರಾದದ್ದು ಆವಾಗ. ಹೀಗೆ ಒಂದೊಂದೇ ಸಿಕ್ಕರೆ ನಿಮ್ಮ ಅವ್ವ ಯಾವ ವಯಸ್ಸಿನಲ್ಲಿ ಯಾವ ಕತೆ ಓದುತ್ತಿದ್ದರು ಅಂತ ತಿಳಿಯುತ್ತದೆ.

ನವಲಗುಂದದ ಮಗಳು

ಸರ್, ಈಗಷ್ಟೇ ಪುಟ ತಿರುಗಿಸಿ ನೋಡಿದೆ. ಒಂದು ಜಾಹೀರಾತಿನಲ್ಲಿ "ಹುಬ್ಬಳ್ಳಿ 580020" ಅಂತ ಇದೆ. ಅಂದರೆ 1972ರ ಆಮೇಲಿನದು. ಅವ್ವನ ಮದುವೆ 1971ರಲ್ಲಿ. ಹೊಸದಾಗಿ ಗಂಡನ ಮನೆಗೆ ಬಂದು, ಯಾರ ಪರಿಚಯವೂ ಇಲ್ಲದ ಓಣಿಯಲ್ಲಿ ಓದಿ ಹೇಳಲು ಶುರು ಮಾಡಿರಬೇಕು. ಅದಕ್ಕೇ ಅವಳಿಗೆ ಅಷ್ಟು ಗೆಳತಿಯರು. ಇದು ನನಗೆ ಹೊಳೆದೇ ಇರಲಿಲ್ಲ.

ಬಾಗಲಕೋಟೆ ಅಕ್ಕ, ಮೂರು ಮಡಿಕೆಯ ಮಾತನ್ನು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. "ಬಿಚ್ಚಬಹುದಾ ಮತ್ತ?" ಅಂತ ಎರಡು ಸಲ ಕೇಳಿದ.

ಉತ್ತರ: ಕಾಳಿ ತೀರ, ಯಲ್ಲಾಪುರ

ನಾನು ಇಲ್ಲಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಮ್ಮ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ಆಫ್ರಿಕಾ ಮೂಲದ ಸಿದ್ದಿಯರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಿನಂಚಿನ ಊರುಗಳಲ್ಲಿ ಇದ್ದಾರೆ. ಅವರ ಕವಂದಿ ಅಮೆರಿಕದ ಪ್ರದರ್ಶನಗಳವರೆಗೂ ಹೋಗಿದೆ, ಇಲ್ಲೇ ಪಕ್ಕದ ಜಿಲ್ಲೆಯವರಿಗೆ ಗೊತ್ತಿಲ್ಲ ಅನ್ನೋದು ನನಗೆ ಬೇಸರ.

ಅವರು ಹೊಲಿಯುವ ಬಗೆಯೇ ಬೇರೆ. ತೇಪೆಗಳನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಹಾಸಿದ ಸೀರೆಯ ಒಂದು ಮೂಲೆಯಿಂದ ಶುರು ಮಾಡಿ ಅಂಚಿನಗುಂಟ ತೇಪೆ ಇಡುತ್ತ, ಹೊಲಿಯುತ್ತ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ಹಾಗಾಗಿ ಮುಂದಿನ ತೇಪೆ ಯಾವುದು ಅಂತ ಆ ಹೊತ್ತಿಗೆ ಕೈಗೆ ಸಿಕ್ಕಿದ್ದರ ಮೇಲೆ, ಕಣ್ಣಿಗೆ ಒಪ್ಪಿದ್ದರ ಮೇಲೆ. ಕೊನೆಗೆ ನಾಲ್ಕು ಮೂಲೆಗೆ ಸಣ್ಣ ಬಟ್ಟೆ ಮಡಿಸಿ ಪದರ ಪದರವಾಗಿ ಹೊಲಿಯುತ್ತಾರೆ, ಅದಕ್ಕೆ ಫುಲ, ಅಂದರೆ ಹೂವು ಅನ್ನುತ್ತಾರೆ. ಫುಲ ಇಲ್ಲದಿದ್ದರೆ ಕವಂದಿ ಬೆತ್ತಲೆ ಅನ್ನೋ ಮಾತಿದೆ ಅವರಲ್ಲಿ. ನಮ್ಮ ಶಾಲೆಯ ಒಂದು ಹುಡುಗಿಯ ಅಜ್ಜಿ ನನಗೆ ಕಲಿಸಿದರು. ನನ್ನ ಹೊಲಿಗೆ ಓರೆಯಾದಾಗ ಬಿಚ್ಚಲು ಹೋದೆ, ಅವರು ಕೈ ಹಿಡಿದು ತಡೆದು ಮುಂದಿನ ಗೆರೆ ಅದರ ಜೊತೆಗೇ ಓರೆಯಾಗಿ ಹಾಕಿ ತೋರಿಸಿದರು. ಈಗ ಅಲ್ಲಿ ಹೊಳೆ ತಿರುಗಿದ ಹಾಗೆ ಕಾಣುತ್ತದೆ.

ನೀವು ಬೇರೆ ಬೇರೆ ಊರಿನಲ್ಲಿ ಇರುವವರು, ತಿಂಗಳಿಗೊಮ್ಮೆ ಕೈ ಬದಲಾಗುತ್ತದೆ. ಅಂಥವರಿಗೆ ಅಂಚಿನಿಂದ ನಡುವಿಗೆ ಬರುವ ಈ ಬಗೆ ಒಪ್ಪುತ್ತದೆ. ಮೂವರು ಮೂರು ಕಡೆ ಕೂತು ಒಟ್ಟಿಗೇ ಹೊಲಿಯಬಹುದು.

ಉತ್ತರ: ದಬ್ಬಣ ದಾರ, ಬಾಗಲಕೋಟೆ

ಟೀಚರ್, ಚೆಂದ ಹೇಳಿದಿರಿ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಅಂಚಿನಿಂದ ಒಳಗೆ ಬರುವಾಗ ಬಟ್ಟೆ ನಡುವೆ ಉಬ್ಬಿ ಉಳಿಯುವ ಭಯ ಹೊಸಬರಿಗೆ ಜಾಸ್ತಿ. ಕಚ್ಚಾ ಹೊಲಿಗೆ ಒತ್ತಾಗಿ ಹಾಕಿದರೆ ಆ ಭಯ ಇಲ್ಲ. ನಾನು ಇನ್ನೂ ಉದ್ದ ಗೆರೆಯೇ ಸುಲಭ ಅನ್ನುತ್ತೇನೆ, ತಂಗಿ ಎರಡನ್ನೂ ಒಂದು ಗೇಣು ಬಟ್ಟೆಯ ಮೇಲೆ ಮಾಡಿ ನೋಡಲಿ.

ಉತ್ತರ: ರೊಟ್ಟಿ ಬುತ್ತಿ, ನ್ಯೂಜೆರ್ಸಿ

ನಾನು ಮೂಲ ಗದಗಿನವಳು. ಇಲ್ಲಿ ಕ್ವಿಲ್ಟ್ ಹೊಲಿಯುವ ಹೆಂಗಸರ ಗುಂಪೊಂದಕ್ಕೆ ಮೂರು ವರ್ಷದಿಂದ ಹೋಗುತ್ತೇನೆ. ಅವರದು ಮೇಲೊಂದು ಬಟ್ಟೆ, ಕೆಳಗೊಂದು, ನಡುವೆ ಹತ್ತಿಯ ಪದರ. ನನ್ನ ಮಗ ಹುಟ್ಟಿದಾಗ ನಮ್ಮಮ್ಮ ತಂದ ಸಣ್ಣ ಕೌದಿ ತೋರಿಸಿದೆ. ಎಪ್ಪತ್ತು ದಾಟಿದ ಒಬ್ಬರು ಅದನ್ನು ತಿರುಗಿಸಿ ಹಿಂಭಾಗದ ಹೊಲಿಗೆ ಮೇಲೆ ಬೆರಳಾಡಿಸುತ್ತ ಯಾರು ಹೊಲಿದದ್ದು, ಯಾವ ವರ್ಷ ಅಂತ ಕೇಳಿದರು. ಎಲ್ಲೂ ಬರೆದಿಲ್ಲ ಅಂದೆ. ಅವರ ಪದ್ಧತಿಯಲ್ಲಿ ಹಿಂದೆ ಒಂದು ಮೂಲೆಗೆ ಬಿಳಿ ಬಟ್ಟೆಯ ಚೀಟಿ ಹೊಲಿದು ಹೆಸರು, ಊರು, ವರ್ಷ ದಾರದಲ್ಲೇ ಬರೆಯುತ್ತಾರೆ. ನಿಮ್ಮ ಕೌದಿಗೂ ಹಾಕಿ ಅಕ್ಕಾ. ಯಾರ ಸೀರೆ, ಯಾರ ಕೈ, ಯಾವ ವರ್ಷ. ನಾನು ಅಮ್ಮನಿಗೆ ಫೋನು ಮಾಡಿ ಕೇಳಿ ಅವತ್ತೇ ನಮ್ಮದಕ್ಕೆ ಹಾಕಿದೆ.

ರೊಟ್ಟಿ ಪಂಚಮಿಗೆ ನಾನು ಇಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ ಪಕ್ಕದ ಮನೆಗಳಿಗೆ ಕೊಡುತ್ತೇನೆ. ಒಣಗಿಸಿದ ಕಟಕ ರೊಟ್ಟಿ ವಾರಗಟ್ಟಲೆ ಇರುತ್ತದೆ ಅಂದರೆ ಅವರಿಗೆ ನಂಬಿಕೆಯೇ ಬರುವುದಿಲ್ಲ. ಅಗಸೆ ಚಟ್ನಿ ಪುಡಿಯನ್ನು ಎಲ್ಲರೂ ಕೇಳಿ ಪಡೆಯುತ್ತಾರೆ. ನಮ್ಮಲ್ಲಿ ಕೊಟ್ಟ ಪಾತ್ರೆ ಬರಿದಾಗಿ ತಿರುಗಿ ಬರಬಾರದು ಅಂತ ಇದೆಯಲ್ಲ, ಅದನ್ನು ಯಾರೂ ಹೇಳಿಕೊಡದೆಯೂ ಒಬ್ಬರು ಡಬ್ಬಿಯಲ್ಲಿ ಸೇಬಿನ ಮುರಬ್ಬ ಹಾಕಿ ಕಳಿಸಿದರು.

ನವಲಗುಂದದ ಮಗಳು

ಎಲ್ಲರಿಗೂ ಹೇಳಲೇಬೇಕು ಅಂತ ಪಂಚಮಿ ಮುಗಿಸಿ ಬಂದ ಕೂಡಲೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ಅಣ್ಣನ ಮನೆಯಲ್ಲೇ ಸೇರಿದೆವು, ಅವನೇ ಕರೆದ. ಬೆಳಗ್ಗೆ ಅತ್ತಿಗೆ ಮತ್ತು ನಾನು ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳಿನ ಉಸಳಿ, ಗುರೆಳ್ಳು ಚಟ್ನಿ ಮಾಡಿದೆವು. ಅವರದು ಅಪಾರ್ಟ್‌ಮೆಂಟು, ಓಣಿಯ ಹಾಗೆ ಬಾಗಿಲು ತೆರೆದಿರುವುದಿಲ್ಲ. ಮಕ್ಕಳ ಕೈಯಲ್ಲಿ ತಟ್ಟೆ ಕೊಟ್ಟು ಎಂಟು ಮನೆಗೆ ಕಳಿಸಿದೆವು. ಮೂರು ಮನೆಯವರು ನಮ್ಮ ಕಡೆಯವರೇ, ಅವರ ರೊಟ್ಟಿ ನಮಗಿಂತ ಮುಂಚೆ ಬಾಗಿಲಿಗೆ ಬಂತು. ಮಂಗಳೂರಿನವರೊಬ್ಬರು ತಟ್ಟೆ ವಾಪಸ್ ಕೊಡುವಾಗ ಪತ್ರೊಡೆ ಇಟ್ಟಿದ್ದರು, ಬಿಸಿ ಬಿಸಿ.

ಮಾದಲಿಗೆ ಅವ್ವ ಅಳೆಯುತ್ತಿದ್ದ ಹಿತ್ತಾಳೆ ಪಾವನ್ನೇ ತಂಗಿ ಊರಿನಿಂದ ತಂದಿದ್ದಳು. ಬೆಲ್ಲ ಹಾಕುತ್ತ ನಾನು ರುಚಿ ನೋಡಿದೆ, ತಂಗಿ ನೋಡಿದಳು, ಅಣ್ಣನ ಬಾಯಿಗೆ ಒಂದು ಚಿಟಿಕೆ ಹಾಕಿದೆವು. ಅವನು ಇನ್ನೂ ಒಂದು ಹಿಡಿ ಅಂದ. ಹಾಕಿದ ಮೇಲೆ ಅದೇ ಸರಿಯಾಗಿತ್ತು. ನೋಟ್‌ಬುಕ್ಕಿನ ಫೋಟೋ ಪ್ರಿಂಟಿನಲ್ಲಿ ಆ ಸಾಲಿನ ಪಕ್ಕ ಅಳತೆ ಬರೆದಿಟ್ಟೆ, ಮೂಲದಲ್ಲಿ ಏನೂ ಬರೆಯಲಿಲ್ಲ ಸರ್.

ಮಧ್ಯಾಹ್ನ ಹಾಲಿನಲ್ಲಿ ಸೋಫಾ ಎಲ್ಲ ಬದಿಗೆ ಸರಿಸಿ ಸೀರೆ ಹಾಸಿದೆವು. ಯಾವ ಸೀರೆ ಒಳಗೆ ಅಂತ ನಾವು ಕೇಳಲಿಲ್ಲ. ಅಣ್ಣನೇ ಕೋಣೆಗೆ ಹೋಗಿ, ಅವನ ಕಾಲೇಜು ಫೀಸು ಕಟ್ಟಿದ ದಿನ ಅವ್ವ ಉಟ್ಟಿದ್ದ ಕರಿ ಇಳಕಲ್ ಸೀರೆ ತಂದು, ತಾನೇ ಬಿಚ್ಚಿ ಹಾಸಿ, ಮೂಲೆಗೆ ಕೂತು ಎಳೆದು ಹಿಡಿದ. ಅದು ಎಂಟು ಗಜದ್ದೇ, ನಾಲ್ಕು ಮಡಿಕೆ ಬಂತು. ಬೆಳಕಿಗೆ ಹಿಡಿದಾಗ ಸೊಂಟದ ಹತ್ತಿರ ಒಂದು ಕಡೆ ಮಾತ್ರ ಸವೆದಿತ್ತು, ಕೀಲಿಕೈ ಗೊಂಚಲು ಸಿಕ್ಕಿಸುತ್ತಿದ್ದ ಜಾಗ.

ಎರಡು ಬಗೆಯನ್ನೂ ಚೂರು ಬಟ್ಟೆಯ ಮೇಲೆ ಮಾಡಿ ನೋಡಿದೆವು. ಈ ಸಲ ಉದ್ದ ಗೆರೆ, ತಂಗಿಯ ಕೌದಿಗೆ ಅಂಚಿನಿಂದ ನಡುವಿಗೆ ಅಂತ ತೀರ್ಮಾನ. ಮೂಲೆಗೆ ಹೂವು ಮಾತ್ರ ಇದಕ್ಕೂ ಬೇಕು ಅಂತ ನನ್ನ ಮಗಳ ಹಟ, ಅವಳೇ ಕಲಿಯುತ್ತಾಳಂತೆ. ಟೀಚರ್, ನಿಮಗೆ ಸಂದೇಶ ಕಳಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಸಂಜೆಯ ತನಕ ಕಚ್ಚಾ ಹೊಲಿಗೆ ಮುಗಿದು ನಾಲ್ಕು ಗೆರೆ ಆಯಿತು. ಒಂದು ಗೆರೆ ತಂಗಿಯ ಮಗನದು, ಒ‌ಂಬತ್ತು ವರ್ಷದವನು, ಟಾಕು ಉದ್ದ ಉದ್ದ ಬಿದ್ದಿವೆ. ಹಾಗೇ ಬಿಟ್ಟೆವು.

ಓದಿದ್ದು ಅಣ್ಣ. 10ನೇ ಕಂತಿನಿಂದ ಶುರು ಮಾಡಿದೆವು. ಅವನಿಗೆ ಓದುವ ಅಭ್ಯಾಸ ಕಡಿಮೆ, ಮೊದಲು ತಡವರಿಸಿದ, ಆಮೇಲೆ ಅವ್ವನ ಹಾಗೇ ಪಾತ್ರಕ್ಕೊಂದು ದನಿ ಬಂತು. 11ರ ಪೆನ್ಸಿಲ್ ಹಾಳೆ ಬಂದಾಗ ಪ್ರಿಂಟು ಕೆಳಗಿಟ್ಟು ಮೂಲ ಪುಸ್ತಕವನ್ನೇ ಎರಡು ದಿಂಬಿನ ಮೇಲೆ ಇಟ್ಟುಕೊಂಡು ಓದಿದ. ನಡುವೆ ಒಂದು ಕಡೆ ನಾಯಕಿಯ ಹೆಸರನ್ನು ಅವ್ವ ತಪ್ಪು ಬರೆದಿದ್ದಾಳೆ, ಪಕ್ಕದ ಮನೆಯ ಗೆಳತಿಯ ಹೆಸರು ಬಿದ್ದಿದೆ. ತಿದ್ದಿ ಓದ್ರಿ ಅಂತ ಅವಳೇ ಹೇಳಿದ್ದರೂ ಅವನು ತಿದ್ದಲಿಲ್ಲ, ಇದ್ದ ಹಾಗೇ ಓದಿದ.

12ನೇ ಕಂತು ಮುಂದಿನ ತಿಂಗಳು, ಬೆಳಗಾವಿಯಲ್ಲಿ. ತಂಗಿ ಆಗಲೇ ಸಿಪ್ಪೆ ಸಮೇತ ಐದು ಕೆ.ಜಿ. ಶೇಂಗಾ ತರಿಸಿಟ್ಟಿದ್ದಾಳೆ.